ಟರ್ಮಿನಲ್‌ನಿಂದ ಕುಬರ್ನೆಟೀಸ್ ಕ್ಲಸ್ಟರ್ ನಿರ್ವಹಣೆ: ಯಾವ ಆಜ್ಞೆ ಮೊದಲು, ಯಾವುದು ಆಮೇಲೆ

ಕುಬರ್ನೆಟೀಸ್ ಕ್ಲಸ್ಟರ್‌ನಲ್ಲಿ (ಕಂಟೇನರ್‌ಗಳಲ್ಲಿ ಕಟ್ಟಿದ ಅಪ್ಲಿಕೇಶನ್‌ಗಳನ್ನು ಓಡಿಸುವ ಯಂತ್ರಗಳ ಗುಂಪಿನಲ್ಲಿ) ಏನಾದರೂ ಕೆಟ್ಟಾಗ ಬಹಳ ಮಂದಿಯ ಕೈ ಮೊದಲು ಹೋಗುವುದು ಡಿಲೀಟ್ ಆಜ್ಞೆಯ ಕಡೆಗೆ. ಪಾಡ್ (ಒಂದು ಅಥವಾ ಹೆಚ್ಚು ಕಂಟೇನರ್‌ಗಳು ಒಟ್ಟಿಗೆ ಓಡುವ ಘಟಕ) ಏಳುತ್ತಿಲ್ಲವೆಂದು ಅದನ್ನು ಅಳಿಸುತ್ತಾರೆ. ಹೊಸ ಪಾಡ್ ಹುಟ್ಟಿ ಅದೇ ಜಾಗದಲ್ಲಿ ಮುಗ್ಗರಿಸುತ್ತದೆ. ಮತ್ತೆ ಅಳಿಸುತ್ತಾರೆ. ಅಷ್ಟರಲ್ಲಿ ಮೊದಲ ಪಾಡ್‌ನ ಲಾಗ್ ಹೋಗಿರುತ್ತದೆ, ಏನಾಯಿತೆಂದು ಹೇಳಬಲ್ಲ ಸಾಕ್ಷ್ಯವೂ ಅದರ ಜೊತೆಗೇ ಹೋಗಿರುತ್ತದೆ. ಓದುಗರು ಪದೇ ಪದೇ ಕೇಳುವ ತೊಂದರೆಗಳನ್ನು ಬಿಡಿಸಿ ನೋಡಿದರೆ, ಆಜ್ಞೆಗಳೆಲ್ಲ ಅವರಿಗೆ ಗೊತ್ತಿರುತ್ತವೆ, ಕ್ರಮ ತಪ್ಪಿರುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯನ್ನು ಕ್ರಮಕ್ಕೆ ಒತ್ತುಕೊಟ್ಟೇ ಬರೆದಿದ್ದೇನೆ. ಹಂತಗಳನ್ನು ಹಾರಿಸದೆ ಓದಿ.

ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಗೊಂದಲವಾಗದಿರಲೆಂದು ಆಯ್ಕೆಗಳ ಪೂರ್ಣ ರೂಪವನ್ನೇ ಬಳಸಿದ್ದೇನೆ.

## ಶುರು ಮಾಡುವ ಮೊದಲು ಕೈಯಲ್ಲಿರಬೇಕಾದವು

ಮುಖ್ಯ ಸಲಕರಣೆ ಕ್ಯೂಬ್‌ಸಿಟಿಎಲ್, ಟರ್ಮಿನಲ್‌ನಿಂದ ಕ್ಲಸ್ಟರ್‌ಗೆ ಆಜ್ಞೆ ಕೊಡುವ ಪ್ರೋಗ್ರಾಂ. ಇದರ ಆವೃತ್ತಿ ಕ್ಲಸ್ಟರ್‌ನ ಎಪಿಐ ಸರ್ವರ್‌ನ (ಆಜ್ಞೆಗಳನ್ನು ಸ್ವೀಕರಿಸುವ ಕೇಂದ್ರದ) ಆವೃತ್ತಿಗಿಂತ ಒಂದು ಅಂಕಿ ಮೇಲೆ ಅಥವಾ ಒಂದು ಅಂಕಿ ಕೆಳಗೆ ಇರಬಹುದು, ಅದಕ್ಕಿಂತ ಹೆಚ್ಚು ದೂರ ಹೋಗಬಾರದು. ಸರ್ವರ್ 1.30 ಆಗಿದ್ದರೆ ನಿಮ್ಮಲ್ಲಿ 1.29, 1.30 ಅಥವಾ 1.31 ಇರಲಿ. ಎರಡನ್ನೂ ಒಟ್ಟಿಗೆ ತೋರಿಸುವ ಆಜ್ಞೆ:

`ಕ್ಯೂಬ್‌ಸಿಟಿಎಲ್ ವರ್ಶನ್`

ಎರಡನೆಯದು ಸಂಪರ್ಕದ ಫೈಲ್. ಇದು ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್‌ನ ‘ಡಾಟ್ ಕ್ಯೂಬ್’ ಎಂಬ ಒಳಫೋಲ್ಡರ್‌ನಲ್ಲಿ ‘ಕಾನ್ಫಿಗ್’ ಎಂಬ ಹೆಸರಿನಲ್ಲಿರುತ್ತದೆ. ಕ್ಲಸ್ಟರ್‌ನ ವಿಳಾಸ, ನಿಮ್ಮ ಗುರುತು, ಎರಡನ್ನೂ ಜೋಡಿಸುವ ಕಾಂಟೆಕ್ಸ್ಟ್ ಮೂರೂ ಇದರಲ್ಲೇ ಇವೆ. ಬಾಗಿಲಿನ ಕೀಲಿಯಷ್ಟೇ ಬೆಲೆಯುಳ್ಳ ಫೈಲ್ ಇದು. ಸಹೋದ್ಯೋಗಿಗೆ ಚಾಟ್‌ನಲ್ಲಿ ಕಳುಹಿಸಬೇಡಿ, ಗಿಟ್‌ಗೆ ಸೇರಿಸಬೇಡಿ.

ಮೂರನೆಯದು, ನಿಮ್ಮ ಯಾಮಲ್ ಫೈಲ್‌ಗಳನ್ನು (ಕ್ಲಸ್ಟರ್‌ನಲ್ಲಿ ಏನೇನು ಹೇಗೆ ಓಡಬೇಕೆಂದು ಬರೆದ ಪಠ್ಯ ಫೈಲ್‌ಗಳು) ಇಟ್ಟಿರುವ ಗಿಟ್ ಭಂಡಾರ. ಇದಿಲ್ಲದೆ ಐದನೆಯ ಹಂತದಿಂದಾಚೆಗೆ ಹೋಗಬೇಡಿ.

## ಹಂತ 1: ಎಲ್ಲಿ ನಿಂತಿದ್ದೀರಿ ಎಂದು ಖಚಿತ ಮಾಡಿಕೊಳ್ಳಿ

ಪರೀಕ್ಷಾ ಕ್ಲಸ್ಟರ್ ಎಂದುಕೊಂಡು ಉತ್ಪಾದನಾ ಕ್ಲಸ್ಟರ್‌ನಲ್ಲಿ ಅಳಿಸುವುದು ಈ ಕೆಲಸದ ಅತ್ಯಂತ ದುಬಾರಿ ತಪ್ಪು. ಇದನ್ನು ತಪ್ಪಿಸಲು ಬೇಕಾಗುವುದು ಒಂದೇ ಆಜ್ಞೆ:

`ಕ್ಯೂಬ್‌ಸಿಟಿಎಲ್ ಕಾನ್ಫಿಗ್ ಗೆಟ್-ಕಾಂಟೆಕ್ಸ್ಟ್ಸ್`

ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆ ಇರುವ ಸಾಲೇ ಈಗ ಚಾಲ್ತಿಯಲ್ಲಿರುವುದು. ಆ ಸಾಲಿನ ಕೊನೆಯ ಅಂಕಣದಲ್ಲಿ ನೇಮ್‌ಸ್ಪೇಸ್ (ಕ್ಲಸ್ಟರ್‌ನೊಳಗಿನ ಹೆಸರಿಟ್ಟ ವಿಭಾಗ) ಇರುತ್ತದೆ; ಅದು ಖಾಲಿಯಿದ್ದರೆ ನೀವು ‘ಡಿಫಾಲ್ಟ್’ ನೇಮ್‌ಸ್ಪೇಸ್‌ನಲ್ಲಿದ್ದೀರಿ ಎಂದರ್ಥ. ಬದಲಿಸಲು ‘ಕಾನ್ಫಿಗ್ ಯೂಸ್-ಕಾಂಟೆಕ್ಸ್ಟ್’ ಬಳಸಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಚಾಲ್ತಿ ಕಾಂಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡುವ ಸಂಗತಿ, ಟರ್ಮಿನಲ್ ಕಿಟಕಿಗೆ ಸೇರಿದ್ದಲ್ಲ. ಒಂದು ಕಿಟಕಿಯಲ್ಲಿ ಬದಲಿಸಿದರೆ, ಅದೇ ಫೈಲ್ ಓದುವ ಇನ್ನೊಂದು ಕಿಟಕಿಯಲ್ಲೂ ಸದ್ದಿಲ್ಲದೆ ಬದಲಾಗುತ್ತದೆ. ಎರಡು ಕ್ಲಸ್ಟರ್‌ಗಳಲ್ಲಿ ಏಕಕಾಲಕ್ಕೆ ಕೆಲಸ ಮಾಡುವವರು ಪ್ರತಿ ಕಿಟಕಿಗೂ ಬೇರೆ ಸಂಪರ್ಕ ಫೈಲ್ ಇಟ್ಟುಕೊಂಡು, ‘ಕ್ಯೂಬ್‌ಕಾನ್ಫಿಗ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ (ಇದು ದೊಡ್ಡ ಅಕ್ಷರಗಳಲ್ಲಿ) ಅದರ ದಾರಿಯನ್ನು ತೋರಿಸಬೇಕು. ಅಪಾಯದ ಆಜ್ಞೆಗಳಿಗೆ ‘--ಕಾಂಟೆಕ್ಸ್ಟ್’ ಮತ್ತು ‘--ನೇಮ್‌ಸ್ಪೇಸ್’ ಆಯ್ಕೆಗಳನ್ನು ಕೈಯಾರೆ ಬರೆಯುವುದು ಇನ್ನೂ ಒಳ್ಳೆಯದು. ಬೆರಳಿಗೆ ತುಸು ಕೆಲಸ ಹೆಚ್ಚಾಗುತ್ತದೆ, ಆದರೆ ಓದಿಕೊಂಡು ಎಂಟರ್ ಒತ್ತುವ ಅಭ್ಯಾಸ ಬೆಳೆಯುತ್ತದೆ.

ನಿಮಗೆ ಅನುಮತಿ ಇದೆಯೇ ಎಂಬುದನ್ನೂ ಈಗಲೇ ಕೇಳಿನೋಡಿ:

`ಕ್ಯೂಬ್‌ಸಿಟಿಎಲ್ ಆಥ್ ಕ್ಯಾನ್-ಐ ಡಿಲೀಟ್ ಪಾಡ್ಸ್`

ಉತ್ತರ ‘ಯೆಸ್’ ಅಥವಾ ‘ನೋ’. ಉತ್ಪಾದನಾ ಕ್ಲಸ್ಟರ್‌ನಲ್ಲಿ ದಿನನಿತ್ಯದ ಗುರುತಿಗೆ ಇಲ್ಲಿ ‘ನೋ’ ಬಂದರೆ ಬೇಸರಪಡಬೇಡಿ. ಯಾರೋ ಯೋಚಿಸಿ ವ್ಯವಸ್ಥೆ ಮಾಡಿದ್ದಾರೆ.

ಎಚ್ಚರಿಕೆಯ ಗುರುತು: ನೂರಾರು ಪಾಡ್‌ಗಳು ಇರಬೇಕಾದ ಕಡೆ ಏನೂ ಸಿಗಲಿಲ್ಲ ಎಂಬ ಸಂದೇಶ ಬಂದರೆ ಎಲ್ಲವೂ ಅಳಿಸಿಹೋಗಿದೆ ಎಂದು ಗಾಬರಿಯಾಗಬೇಡಿ. ಹೆಚ್ಚಿನ ಸಲ ನೇಮ್‌ಸ್ಪೇಸ್ ತಪ್ಪಿರುತ್ತದೆ.

## ಹಂತ 2: ಮೇಲಿನಿಂದ ಕೆಳಗೆ ನೋಡುತ್ತ ಬನ್ನಿ

ಮೊದಲು ನೋಡ್‌ಗಳು (ಕ್ಲಸ್ಟರ್‌ನ ಒಂದೊಂದು ಯಂತ್ರ), ಆಮೇಲೆ ಡಿಪ್ಲಾಯ್‌ಮೆಂಟ್‌ಗಳು (ಒಂದೇ ಬಗೆಯ ಪಾಡ್‌ಗಳನ್ನು ಹೇಳಿದಷ್ಟು ಸಂಖ್ಯೆಯಲ್ಲಿ ಓಡಿಸುವ ನಿಯಂತ್ರಕ), ಕೊನೆಗೆ ಪಾಡ್‌ಗಳು. ಒಂದು ನೋಡ್ ‘ನಾಟ್‌ರೆಡಿ’ ಆಗಿದ್ದರೆ ಅದರ ಮೇಲಿನ ಇಪ್ಪತ್ತು ಪಾಡ್‌ಗಳ ತಕರಾರನ್ನು ಬಿಡಿಬಿಡಿಯಾಗಿ ವಿಚಾರಿಸುತ್ತ ಕೂರುವುದು ವ್ಯರ್ಥ.

`ಕ್ಯೂಬ್‌ಸಿಟಿಎಲ್ ಗೆಟ್ ನೋಡ್ಸ್`
`ಕ್ಯೂಬ್‌ಸಿಟಿಎಲ್ ಗೆಟ್ ಡಿಪ್ಲಾಯ್‌ಮೆಂಟ್ಸ್ --ಆಲ್-ನೇಮ್‌ಸ್ಪೇಸಸ್`
`ಕ್ಯೂಬ್‌ಸಿಟಿಎಲ್ ಗೆಟ್ ಪಾಡ್ಸ್ --ಔಟ್‌ಪುಟ್=ವೈಡ್`

ಕೊನೆಯ ಆಜ್ಞೆ ಯಾವ ಪಾಡ್ ಯಾವ ನೋಡ್‌ನಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಕೆಟ್ಟ ಪಾಡ್‌ಗಳೆಲ್ಲ ಒಂದೇ ನೋಡ್‌ನಲ್ಲಿ ಗುಂಪಾಗಿದ್ದರೆ ಅನುಮಾನ ನೋಡ್‌ನ ಮೇಲಿರಲಿ. ಎಲ್ಲ ನೋಡ್‌ಗಳಲ್ಲೂ ಚದುರಿದ್ದರೆ ನಿಮ್ಮ ಅಪ್ಲಿಕೇಶನ್ ಅಥವಾ ಸಂರಚನೆಯ ಮೇಲಿರಲಿ.

‘ಗೆಟ್ ಆಲ್’ ಎಂಬ ಆಜ್ಞೆಯನ್ನು ನಂಬಿ ಕೆಟ್ಟವರು ಬಹಳ. ಹೆಸರು ಹಾಗಿದ್ದರೂ ಅದು ಎಲ್ಲವನ್ನೂ ತೋರಿಸುವುದಿಲ್ಲ. ಕಾನ್ಫಿಗ್‌ಮ್ಯಾಪ್ (ಸಂರಚನೆಯ ಮೌಲ್ಯಗಳು), ಸೀಕ್ರೆಟ್ (ಪಾಸ್‌ವರ್ಡ್‌ನಂಥ ಗುಟ್ಟುಗಳು), ಇನ್‌ಗ್ರೆಸ್ (ಹೊರಗಿನ ಕೋರಿಕೆಗಳು ಒಳಬರುವ ದಾರಿ), ಡಿಸ್ಕ್ ಬೇಡಿಕೆಗಳು (ಪಿವಿಸಿ, ಪಾಡ್‌ಗೆ ಡಿಸ್ಕ್ ಕೇಳುವ ದಾಖಲೆ) ಆ ಪಟ್ಟಿಯಲ್ಲಿ ಬರುವುದಿಲ್ಲ. ಒಂದು ನೇಮ್‌ಸ್ಪೇಸ್ ಖಾಲಿಯಿದೆ ಎಂದು ಇದರಿಂದ ತೀರ್ಮಾನಿಸಿ ಅಳಿಸಿದರೆ ದತ್ತಾಂಶವೇ ಹೋಗಬಹುದು.

## ಹಂತ 3: ಸ್ಥಿತಿಯನ್ನು ಓದಿ ಜಾಡು ಹಿಡಿಯಿರಿ

ಇಡೀ ಕೆಲಸದ ತಿರುಳು ಈ ಹಂತದಲ್ಲಿದೆ. ಪಾಡ್‌ನ ಸ್ಥಿತಿಯ ಅಂಕಣದಲ್ಲಿರುವ ಪದವೇ ಮುಂದೆ ಯಾವ ಕಡೆ ಹೋಗಬೇಕೆಂದು ಹೇಳಿಬಿಡುತ್ತದೆ. ಅದನ್ನು ಓದಿದ ಕೂಡಲೇ ವಿವರ ಕೇಳಿ:

`ಕ್ಯೂಬ್‌ಸಿಟಿಎಲ್ ಡಿಸ್ಕ್ರೈಬ್ ಪಾಡ್ ಪೇಮೆಂಟ್`

(‘ಪೇಮೆಂಟ್’ ಇರುವ ಕಡೆ ನಿಮ್ಮ ಪಾಡ್‌ನ ಪೂರ್ತಿ ಹೆಸರು ಹಾಕಿ.) ಪರದೆ ತುಂಬ ಸಾಲುಗಳು ಬರುತ್ತವೆ. ನೇರವಾಗಿ ತಳಕ್ಕೆ ಹೋಗಿ. ‘ಈವೆಂಟ್ಸ್’ ಎಂಬ ಭಾಗದಲ್ಲಿ ಕ್ಲಸ್ಟರ್ ತಾನೇನು ಮಾಡಲು ಹೋಗಿ ಎಲ್ಲಿ ಸೋತೆನೆಂದು ಬರೆದಿರುತ್ತದೆ. ಈ ಘಟನೆಗಳನ್ನು ಎಪಿಐ ಸರ್ವರ್ ಸಾಮಾನ್ಯ ಹೊಂದಾಣಿಕೆಯಲ್ಲಿ ಒಂದು ಗಂಟೆ ಮಾತ್ರ ಇಟ್ಟುಕೊಳ್ಳುತ್ತದೆ. ರಾತ್ರಿ ಕೆಟ್ಟದ್ದನ್ನು ಬೆಳಿಗ್ಗೆ ಬಂದು ನೋಡಿದರೆ ಆ ಭಾಗ ಖಾಲಿಯಿರಬಹುದು. ತೊಂದರೆ ಕಂಡ ಕೂಡಲೇ ಈ ಔಟ್‌ಪುಟ್ ಅನ್ನು ಒಂದು ಫೈಲ್‌ಗೆ ಉಳಿಸಿಕೊಳ್ಳಿ, ಆಮೇಲೆ ಮುಂದಿನ ಮಾತು.

ಪೆಂಡಿಂಗ್. ಪಾಡ್‌ಗೆ ಇನ್ನೂ ನೋಡ್ ಸಿಕ್ಕಿಲ್ಲ. ಕಂಟೇನರ್ ಶುರುವೇ ಆಗಿಲ್ಲವಾದ್ದರಿಂದ ಲಾಗ್ ಹುಡುಕಿ ಪ್ರಯೋಜನವಿಲ್ಲ. ಮೂರು ನೋಡ್‌ಗಳಲ್ಲಿ ಒಂದೂ ಲಭ್ಯವಿಲ್ಲ, ಮೂರರಲ್ಲೂ ಮೆಮೊರಿ ಸಾಲದು ಎಂಬಂಥ ಸಾಲು ಈವೆಂಟ್ಸ್‌ನಲ್ಲಿ ಕಾಣುತ್ತದೆ. ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ: ‘ಟಾಪ್ ನೋಡ್ಸ್’ ಆಜ್ಞೆ ನೋಡಿದರೆ ಮೆಮೊರಿ ಅರ್ಧಕ್ಕರ್ಧ ಖಾಲಿ ಎನ್ನುತ್ತದೆ, ಆದರೂ ಶೆಡ್ಯೂಲರ್ (ಪಾಡ್‌ಗೆ ನೋಡ್ ಆರಿಸುವ ಭಾಗ) ಜಾಗವಿಲ್ಲ ಎನ್ನುತ್ತದೆ. ಎರಡೂ ನಿಜ. ಶೆಡ್ಯೂಲರ್ ಲೆಕ್ಕ ಹಾಕುವುದು ಪಾಡ್‌ಗಳು ‘ರಿಕ್ವೆಸ್ಟ್ಸ್’ನಲ್ಲಿ ಕಾಯ್ದಿರಿಸಿಕೊಂಡ ಮೊತ್ತವನ್ನು, ಅವು ನಿಜವಾಗಿ ಎಷ್ಟು ಬಳಸುತ್ತಿವೆ ಎಂಬುದನ್ನು ಅದು ಕೇಳುವುದೇ ಇಲ್ಲ. ನೋಡ್‌ನ ಮೇಲೆ ಡಿಸ್ಕ್ರೈಬ್ ಓಡಿಸಿದರೆ ಕಾಯ್ದಿರಿಸಿದ ಮೊತ್ತ ಶೇಕಡಾವಾರು ಸಿಗುತ್ತದೆ. ಟೇಂಟ್ (ಪಾಡ್‌ಗಳನ್ನು ದೂರವಿಡಲು ನೋಡ್‌ಗೆ ಹಾಕಿದ ಗುರುತು), ನೋಡ್ ಸೆಲೆಕ್ಟರ್ (ಇಂಥ ನೋಡೇ ಬೇಕೆಂಬ ಪಾಡ್‌ನ ಷರತ್ತು), ಇನ್ನೂ ಸಿಗದ ಡಿಸ್ಕ್ ಕೂಡ ಪೆಂಡಿಂಗ್‌ಗೆ ಕಾರಣವಾಗಬಹುದು. ಅದನ್ನೂ ಅದೇ ಸಾಲು ಹೇಳುತ್ತದೆ.

ಇಮೇಜ್‌ಪುಲ್‌ಬ್ಯಾಕ್‌ಆಫ್. ಇಮೇಜ್ (ಕಂಟೇನರ್‌ಗೆ ಮೂಲವಾದ ಅಪ್ಲಿಕೇಶನ್ ಕಟ್ಟು) ಇಳಿದು ಬರುತ್ತಿಲ್ಲ. ಟ್ಯಾಗ್‌ನ ಅಕ್ಷರ ತಪ್ಪಿದೆಯೇ ಎಂದು ಮೊದಲು ನೋಡಿ. ಖಾಸಗಿ ರಿಜಿಸ್ಟ್ರಿ (ಇಮೇಜ್‌ಗಳ ಉಗ್ರಾಣ) ಆದರೆ ಅದರ ಸೀಕ್ರೆಟ್ ಪಾಡ್ ಇರುವ ನೇಮ್‌ಸ್ಪೇಸ್‌ನಲ್ಲೇ ಇರಬೇಕು. ಪಕ್ಕದ ನೇಮ್‌ಸ್ಪೇಸ್‌ನಲ್ಲಿದ್ದರೆ ಅದು ಕಣ್ಣಿಗೆ ಬೀಳುವುದಿಲ್ಲ.

ಕ್ರಿಯೇಟ್‌ಕಂಟೇನರ್‌ಕಾನ್ಫಿಗ್‌ಎರರ್. ನೀವು ಹೆಸರಿಸಿದ ಕಾನ್ಫಿಗ್‌ಮ್ಯಾಪ್ ಅಥವಾ ಸೀಕ್ರೆಟ್ ಇಲ್ಲ, ಅಥವಾ ಅದರೊಳಗೆ ಆ ಕೀ ಇಲ್ಲ.

ಕ್ರ್ಯಾಶ್‌ಲೂಪ್‌ಬ್ಯಾಕ್‌ಆಫ್. ಕಂಟೇನರ್ ಶುರುವಾಗಿ ಸಾಯುತ್ತಿದೆ, ಮತ್ತೆ ಶುರುವಾಗುತ್ತಿದೆ. ಪ್ರತಿ ಸಲವೂ ಕಾಯುವ ಹೊತ್ತು 10, 20, 40 ಸೆಕೆಂಡ್ ಎಂದು ಇಮ್ಮಡಿಯಾಗುತ್ತ ಸಾಮಾನ್ಯವಾಗಿ 5 ನಿಮಿಷದವರೆಗೆ ಏರುತ್ತದೆ. ಆದ್ದರಿಂದ ಸಂರಚನೆ ಸರಿಪಡಿಸಿದ ಮೇಲೂ ಪಾಡ್ ಕೆಲವು ನಿಮಿಷ ಸುಮ್ಮನೆ ಕುಳಿತಿದ್ದರೆ ತಿದ್ದುಪಡಿ ಸೋತಿತೆಂದು ತಿಳಿಯಬೇಡಿ. ಡಿಸ್ಕ್ರೈಬ್‌ನಲ್ಲಿ ‘ಲಾಸ್ಟ್ ಸ್ಟೇಟ್’ ಎಂಬ ಭಾಗದ ನಿರ್ಗಮನ ಸಂಖ್ಯೆಯನ್ನು ಓದಿ. 127 ಎಂದರೆ ಓಡಿಸಬೇಕಾದ ಆಜ್ಞೆಯೇ ಇಮೇಜ್‌ನಲ್ಲಿ ಸಿಗಲಿಲ್ಲ. 1 ಎಂದರೆ ಅಪ್ಲಿಕೇಶನ್ ತಾನೇ ದೋಷ ಕಂಡು ಹೊರಬಂದಿದೆ, ಕಾರಣ ಲಾಗ್‌ನಲ್ಲಿರುತ್ತದೆ. 137 ಎಂದರೆ ಹೊರಗಿನಿಂದ ಬಲವಂತವಾಗಿ ಕೊಲ್ಲಲಾಗಿದೆ.

ಈ 137ರ ಬಗ್ಗೆ ಸ್ವಲ್ಪ ನಿಲ್ಲಬೇಕು. ಅದನ್ನು ಕಂಡ ಕೂಡಲೇ ಮೆಮೊರಿ ಮಿತಿಯನ್ನು ಏರಿಸಿಬಿಡುತ್ತಾರೆ. ಪಕ್ಕದಲ್ಲಿ ‘ಒಒಎಂಕಿಲ್ಡ್’ ಎಂಬ ಕಾರಣ ಇದ್ದರೆ ಮಾತ್ರ ಅದು ಮೆಮೊರಿಯ ಸಮಸ್ಯೆ. ಲೈವ್‌ನೆಸ್ ಪ್ರೋಬ್ (ಕಂಟೇನರ್ ಜೀವಂತವಿದೆಯೇ ಎಂದು ಆಗಾಗ ನೋಡುವ ಪರೀಕ್ಷೆ) ಸೋತು, ನಯವಾಗಿ ಮುಚ್ಚಿಕೊಳ್ಳಲು ಕೊಟ್ಟ ಗಡುವು ಮೀರಿದಾಗಲೂ ಇದೇ ಸಂಖ್ಯೆ ಬರುತ್ತದೆ. ಏಳಲು ಒಂದು ನಿಮಿಷ ಬೇಕಾದ ಅಪ್ಲಿಕೇಶನ್‌ಗೆ ಇಪ್ಪತ್ತು ಸೆಕೆಂಡ್‌ಗೇ ಲೈವ್‌ನೆಸ್ ಪರೀಕ್ಷೆ ಇಟ್ಟರೆ ಅದು ಎಂದೂ ಏಳುವುದಿಲ್ಲ. ಎಷ್ಟು ಮೆಮೊರಿ ಸುರಿದರೂ ಅಷ್ಟೇ. ಅಲ್ಲಿ ಬೇಕಾಗುವುದು ಸ್ಟಾರ್ಟಪ್ ಪ್ರೋಬ್, ಅಂದರೆ ಅಪ್ಲಿಕೇಶನ್ ಏಳುವವರೆಗೆ ಲೈವ್‌ನೆಸ್ ಪರೀಕ್ಷೆಯನ್ನು ತಡೆದಿಡುವ ಪರೀಕ್ಷೆ.

ರನ್ನಿಂಗ್, ಆದರೆ 0/1. ಕಂಟೇನರ್ ಓಡುತ್ತಿದೆ, ರೆಡಿನೆಸ್ ಪರೀಕ್ಷೆ (ಕೋರಿಕೆ ಸ್ವೀಕರಿಸಲು ಸಿದ್ಧವೇ ಎಂಬುದು) ಪಾಸಾಗಿಲ್ಲ. ಕ್ಲಸ್ಟರ್ ಇದನ್ನು ಕೊಲ್ಲುವುದಿಲ್ಲ, ಆದರೆ ಸರ್ವಿಸ್‌ಗೆ (ಪಾಡ್‌ಗಳ ಮುಂದಿರುವ ಸ್ಥಿರ ವಿಳಾಸ) ಬಂದ ಕೋರಿಕೆಗಳನ್ನೂ ಕೊಡುವುದಿಲ್ಲ.

ರನ್ನಿಂಗ್, 1/1, ಆದರೂ ಕೋರಿಕೆ ತಲುಪುತ್ತಿಲ್ಲ. ಪಾಡ್ ಬಿಟ್ಟು ಸರ್ವಿಸ್ ನೋಡಿ:

`ಕ್ಯೂಬ್‌ಸಿಟಿಎಲ್ ಗೆಟ್ ಎಂಡ್‌ಪಾಯಿಂಟ್‌ಸ್ಲೈಸಸ್`

ವಿಳಾಸದ ಜಾಗ ಖಾಲಿಯಿದ್ದರೆ ಸರ್ವಿಸ್‌ನ ಸೆಲೆಕ್ಟರ್‌ಗೂ (ಪಾಡ್‌ಗಳನ್ನು ಆರಿಸುವ ನಿಯಮ) ಪಾಡ್‌ನ ಲೇಬಲ್‌ಗೂ (ಪಾಡ್‌ಗೆ ಅಂಟಿಸಿದ ಗುರುತು) ಹೊಂದಿಕೆ ಇಲ್ಲ. ವಿಳಾಸಗಳಿದ್ದೂ ಕೆಲಸ ಮಾಡದಿದ್ದರೆ ‘ಟಾರ್ಗೆಟ್‌ಪೋರ್ಟ್’ (ಸರ್ವಿಸ್ ಕೋರಿಕೆ ಕಳುಹಿಸುವ ಕಂಟೇನರ್‌ನ ಪೋರ್ಟ್) ಸಂಖ್ಯೆಯನ್ನು ಪರಿಶೀಲಿಸಿ.

## ಹಂತ 4: ಲಾಗ್ ಓದುವುದು, ಬೇಕಾದರೆ ಒಳಹೊಕ್ಕು ನೋಡುವುದು

ಸಾಯುತ್ತಿರುವ ಕಂಟೇನರ್‌ನ ಈಗಿನ ಲಾಗ್‌ನಲ್ಲಿ ಬಹಳ ಸಲ ಏನೂ ಇರುವುದಿಲ್ಲ, ಏಕೆಂದರೆ ಅದು ಈಗಷ್ಟೇ ಹುಟ್ಟಿದೆ. ಬೇಕಾದದ್ದು ಹಿಂದೆ ಸತ್ತದ್ದರ ಲಾಗ್:

`ಕ್ಯೂಬ್‌ಸಿಟಿಎಲ್ ಲಾಗ್ಸ್ ಪೇಮೆಂಟ್ --ಪ್ರೀವಿಯಸ್`

ಈ ಒಂದು ಆಯ್ಕೆ ಗೊತ್ತಿಲ್ಲದೆ ಗಂಟೆಗಟ್ಟಲೆ ಕಳೆಯುವವರನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ಇದು ಹಿಂದಿನ ಒಂದು ಸಾವಿನ ಲಾಗ್ ಮಾತ್ರ ಕೊಡುತ್ತದೆ. ಪಾಡನ್ನೇ ಅಳಿಸಿದರೆ ಅದೂ ಇಲ್ಲ. ಪಾಡ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಂಟೇನರ್ ಇದ್ದರೆ ‘--ಕಂಟೇನರ್’ ಆಯ್ಕೆಯಲ್ಲಿ ಹೆಸರು ಕೊಡಿ.

ಎರಡು ಕಡೆ ಲಾಗ್ ಅರ್ಧವೇ ಕಾಣುತ್ತದೆ, ಗಮನಿಸಿ. ಲೇಬಲ್ ಕೊಟ್ಟು ಹಲವು ಪಾಡ್‌ಗಳ ಲಾಗ್ ಕೇಳಿದರೆ ಪ್ರತಿಯೊಂದರದ್ದೂ ಕೊನೆಯ 10 ಸಾಲು ಮಾತ್ರ ಬರುತ್ತದೆ. ಹೆಚ್ಚು ಬೇಕಾದರೆ ‘--ಟೇಲ್’ ಬಳಸಿ ಹೇಳಬೇಕು. ನೋಡ್‌ನಲ್ಲಿ ಲಾಗ್ ಫೈಲ್ ತುಂಬಿ ಹೊಸದು ಶುರುವಾದರೆ ಕ್ಯೂಬ್‌ಸಿಟಿಎಲ್ ತೋರಿಸುವುದು ಇತ್ತೀಚಿನ ಫೈಲನ್ನಷ್ಟೇ. ಹಳೆಯ ಲಾಗ್ ಬೇಕೆಂದಿದ್ದರೆ ಅದನ್ನು ಹೊರಗೆ ಸಂಗ್ರಹಿಸುವ ವ್ಯವಸ್ಥೆ ಮೊದಲೇ ಇರಬೇಕು.

ಒಳಗೆ ಹೋಗಿ ನೋಡಬೇಕಾದರೆ ‘ಎಕ್ಸೆಕ್’ ಇದೆ. ಇಮೇಜ್‌ನಲ್ಲಿ ಶೆಲ್ಲೇ ಇಲ್ಲದಿದ್ದರೆ ‘ಡೀಬಗ್’ ಆಜ್ಞೆಯಿಂದ ಪಕ್ಕದಲ್ಲಿ ತಾತ್ಕಾಲಿಕ ಕಂಟೇನರ್ ಸೇರಿಸಬಹುದು, 1.25ನೇ ಆವೃತ್ತಿಯಿಂದ ಇದು ಸ್ಥಿರ ಸೌಲಭ್ಯ. ಒಳಗೆ ಹೋದಾಗ ನೋಡಿ ಬನ್ನಿ, ಫೈಲ್ ತಿದ್ದಿ ಬರಬೇಡಿ. ಕಂಟೇನರ್ ಮತ್ತೆ ಶುರುವಾದ ಕ್ಷಣ ಆ ತಿದ್ದುಪಡಿ ಮಾಯವಾಗುತ್ತದೆ, ತೊಂದರೆ ಏಕೆ ಮರಳಿತೆಂದು ಯಾರಿಗೂ ತಿಳಿಯುವುದಿಲ್ಲ.

## ಹಂತ 5: ಬದಲಾವಣೆ ಫೈಲ್‌ನಲ್ಲಿ ಮಾಡಿ, ಕ್ಲಸ್ಟರ್‌ನಲ್ಲಲ್ಲ

‘ಎಡಿಟ್’ ಆಜ್ಞೆ ಕೈಗೆ ಸುಲಭ. ಆದರೆ ಅದರಿಂದ ಮಾಡಿದ ಬದಲಾವಣೆ ಗಿಟ್‌ನಲ್ಲಿರುವುದಿಲ್ಲ, ಮುಂದಿನ ಸಲ ಬೇರೆಯವರು ಫೈಲ್ ಅನ್ವಯಿಸಿದಾಗ ನಿಮ್ಮ ತಿದ್ದುಪಡಿ ಅಳಿಸಿಹೋಗಬಹುದು. ಯಾಮಲ್ ಫೈಲ್ ತಿದ್ದಿ, ಈ ಮೂರನ್ನೂ ಇದೇ ಕ್ರಮದಲ್ಲಿ ಓಡಿಸಿ:

`ಕ್ಯೂಬ್‌ಸಿಟಿಎಲ್ ಅಪ್ಲೈ --ಫೈಲ್‌ನೇಮ್=ಪೇಮೆಂಟ್.ಯಾಮಲ್ --ಡ್ರೈ-ರನ್=ಸರ್ವರ್`
`ಕ್ಯೂಬ್‌ಸಿಟಿಎಲ್ ಡಿಫ್ --ಫೈಲ್‌ನೇಮ್=ಪೇಮೆಂಟ್.ಯಾಮಲ್`
`ಕ್ಯೂಬ್‌ಸಿಟಿಎಲ್ ಅಪ್ಲೈ --ಫೈಲ್‌ನೇಮ್=ಪೇಮೆಂಟ್.ಯಾಮಲ್`

ಮೊದಲನೆಯದು ಏನನ್ನೂ ಉಳಿಸದೆ ಸರ್ವರ್‌ನ ಎಲ್ಲ ತಪಾಸಣೆಗಳನ್ನು ದಾಟಿಸಿ ನೋಡುತ್ತದೆ. ‘ಸರ್ವರ್’ ಬದಲು ‘ಕ್ಲೈಂಟ್’ ಎಂದು ಕೊಟ್ಟರೆ ಪರೀಕ್ಷೆ ನಿಮ್ಮ ಯಂತ್ರದಲ್ಲೇ ಮುಗಿಯುತ್ತದೆ, ಸರ್ವರ್ ತಿರಸ್ಕರಿಸುವ ತಪ್ಪುಗಳು ಅದರಲ್ಲಿ ದಾಟಿಹೋಗಬಹುದು. ಡಿಫ್ ತೋರಿಸಿದ ಪ್ರತಿ ಸಾಲನ್ನೂ ಓದಿ. ನೀವು ಮಾಡದ ಬದಲಾವಣೆಯೊಂದು ಅಲ್ಲಿ ಕಂಡರೆ ಯಾರೋ ಕ್ಲಸ್ಟರ್‌ನಲ್ಲಿ ನೇರವಾಗಿ ಕೈ ಹಾಕಿದ್ದಾರೆ. ಅವರನ್ನು ವಿಚಾರಿಸುವವರೆಗೂ ಮುಂದುವರಿಯಬೇಡಿ.

ಯಾವ ಕ್ಷೇತ್ರದ ಹೆಸರು ಏನು ಎಂದು ಮರೆತರೆ ‘ಎಕ್ಸ್‌ಪ್ಲೇನ್’ ಆಜ್ಞೆ ಟರ್ಮಿನಲ್‌ನಲ್ಲೇ ವಿವರಣೆ ಕೊಡುತ್ತದೆ. ಇಮೇಜ್‌ಗೆ ‘ಲೇಟೆಸ್ಟ್’ ಟ್ಯಾಗ್ ಹಾಕಬೇಡಿ. ಅದನ್ನು ಹಾಕಿದರೆ ಫೈಲ್ ಬದಲಾಗದೆಯೇ ಒಳಗಿನ ಕೋಡ್ ಬದಲಾಗುತ್ತದೆ, ಹಿಂದಕ್ಕೆ ಹೋಗುವ ದಾರಿಯೂ ಮುಚ್ಚುತ್ತದೆ.

## ಹಂತ 6: ರೋಲ್‌ಔಟ್ ಮುಗಿಯುವವರೆಗೆ ಎದ್ದುಹೋಗಬೇಡಿ

ಅಪ್ಲೈ ಯಶಸ್ವಿ ಎಂದರೆ ಸರ್ವರ್ ನಿಮ್ಮ ಕೋರಿಕೆಯನ್ನು ಬರೆದುಕೊಂಡಿತು ಎಂದಷ್ಟೇ. ಹೊಸ ಆವೃತ್ತಿ ಎದ್ದಿದೆಯೇ, ಹಳೆಯ ಪಾಡ್‌ಗಳ ಜಾಗಕ್ಕೆ ಹೊಸವು ಬರುವ ರೋಲ್‌ಔಟ್ ಮುಗಿದಿದೆಯೇ ಎಂಬುದು ಬೇರೆ ಪ್ರಶ್ನೆ.

`ಕ್ಯೂಬ್‌ಸಿಟಿಎಲ್ ರೋಲ್‌ಔಟ್ ಸ್ಟೇಟಸ್ ಡಿಪ್ಲಾಯ್‌ಮೆಂಟ್/ಪೇಮೆಂಟ್`

ನಾಲ್ಕು ಪಾಡ್‌ಗಳ ಡಿಪ್ಲಾಯ್‌ಮೆಂಟ್ ತೆಗೆದುಕೊಳ್ಳಿ. ಸಾಮಾನ್ಯ ಹೊಂದಾಣಿಕೆಯಲ್ಲಿ ಶೇ. 25ರಷ್ಟು ಹೆಚ್ಚುವರಿ, ಶೇ. 25ರಷ್ಟು ಕೊರತೆಗೆ ಅವಕಾಶವಿದೆ. ಹೊಸ ಪಾಡ್‌ಗಳು ಏಳದಿದ್ದರೂ ಹಳೆಯ ಮೂರು ಕೆಲಸ ಮಾಡುತ್ತಲೇ ಇರುತ್ತವೆ, ಬಳಕೆದಾರರಿಗೆ ಏನೂ ಗೊತ್ತಾಗುವುದಿಲ್ಲ. ಈ ರಕ್ಷಣೆ ಸಿಗುವುದು ರೆಡಿನೆಸ್ ಪ್ರೋಬ್ ಇದ್ದರೆ ಮಾತ್ರ. ಅದಿಲ್ಲದಿದ್ದರೆ ಕಂಟೇನರ್ ಶುರುವಾದ ಕ್ಷಣವೇ ಅದನ್ನು ಸಿದ್ಧವೆಂದು ಎಣಿಸಿ, ಹಳೆಯ ಒಳ್ಳೆಯ ಪಾಡ್‌ಗಳನ್ನು ಒಂದೊಂದಾಗಿ ತೆಗೆಯಲಾಗುತ್ತದೆ. ಈ ಮಾರ್ಗದರ್ಶಿಯಿಂದ ಒಂದೇ ಕೆಲಸ ಮಾಡುವುದಿದ್ದರೂ ನಿಮ್ಮ ಡಿಪ್ಲಾಯ್‌ಮೆಂಟ್‌ಗಳಿಗೆ ರೆಡಿನೆಸ್ ಪ್ರೋಬ್ ಸೇರಿಸಿ.

ಸಾಮಾನ್ಯವಾಗಿ 600 ಸೆಕೆಂಡ್ ಪ್ರಗತಿ ಕಾಣದಿದ್ದರೆ ರೋಲ್‌ಔಟ್ ಸೋತಿತೆಂದು ಗುರುತಾಗುತ್ತದೆ, ಆದರೆ ಕ್ಲಸ್ಟರ್ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಅದನ್ನು ನೀವೇ ಮಾಡಬೇಕು:

`ಕ್ಯೂಬ್‌ಸಿಟಿಎಲ್ ರೋಲ್‌ಔಟ್ ಅನ್‌ಡೂ ಡಿಪ್ಲಾಯ್‌ಮೆಂಟ್/ಪೇಮೆಂಟ್`

ಇಲ್ಲಿ ಎಡವುವ ಜಾಗಗಳು ಎರಡಿವೆ. ಅನ್‌ಡೂ ಪಾಡ್‌ನ ವಿನ್ಯಾಸವನ್ನು ಮಾತ್ರ ಹಿಂದಕ್ಕೆ ಒಯ್ಯುತ್ತದೆ. ಜೊತೆಗೆ ಬದಲಿಸಿದ ಕಾನ್ಫಿಗ್‌ಮ್ಯಾಪ್ ಹೊಸದಾಗಿಯೇ ಉಳಿಯುತ್ತದೆ. ಇನ್ನು ಗಿಟ್‌ನಲ್ಲಿರುವ ಫೈಲ್ ಇನ್ನೂ ಕೆಟ್ಟ ಆವೃತ್ತಿಯದ್ದೇ. ಅದನ್ನೂ ಕೂಡಲೇ ಹಿಂದಕ್ಕೆ ತಿರುಗಿಸದಿದ್ದರೆ ಮುಂದಿನ ಅಪ್ಲೈ ಅದೇ ದೋಷವನ್ನು ಮರಳಿ ತರುತ್ತದೆ.

ಕಾನ್ಫಿಗ್‌ಮ್ಯಾಪ್ ಬದಲಿಸಿದರೂ ಅಪ್ಲಿಕೇಶನ್ ಹಳೆಯ ಮೌಲ್ಯವನ್ನೇ ಹಿಡಿದುಕೊಂಡಿದೆಯೇ? ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟ ಮೌಲ್ಯ ಪಾಡ್ ಶುರುವಾಗುವಾಗ ಒಮ್ಮೆ ಮಾತ್ರ ಓದಲ್ಪಡುತ್ತದೆ. ‘ರೋಲ್‌ಔಟ್ ರೀಸ್ಟಾರ್ಟ್’ ಬಳಸಿ. ಪಾಡ್‌ಗಳನ್ನು ಕೈಯಿಂದ ಒಟ್ಟಿಗೆ ಅಳಿಸಬೇಡಿ.

## ಹಂತ 7: ಪಾಡ್‌ಗಳ ಸಂಖ್ಯೆ ಏರಿಸುವುದು, ಇಳಿಸುವುದು

‘ಸ್ಕೇಲ್’ ಆಜ್ಞೆ ತುರ್ತಿಗೆ ಸರಿ. ಆದರೆ ಫೈಲ್‌ನಲ್ಲಿ ಸಂಖ್ಯೆ ಬರೆದಿದ್ದರೆ ಮುಂದಿನ ಅಪ್ಲೈ ಅದಕ್ಕೇ ಮರಳಿಸುತ್ತದೆ. ತಾನಾಗಿ ಏರಿಳಿಸುವ ಎಚ್‌ಪಿಎ ಇದ್ದರೆ ಅದು ನಿಮ್ಮ ಸಂಖ್ಯೆಯನ್ನು ತಿದ್ದಿಬಿಡುತ್ತದೆ. ಅಂಥ ಕಡೆ ಯಾಮಲ್‌ನಿಂದ ‘ರೆಪ್ಲಿಕಾಸ್’ ಸಾಲನ್ನೇ ತೆಗೆದುಹಾಕುವುದು ಸರಿಯಾದ ದಾರಿ.

## ಹಂತ 8: ದುರಸ್ತಿಗೆ ನೋಡ್ ಖಾಲಿ ಮಾಡುವುದು

`ಕ್ಯೂಬ್‌ಸಿಟಿಎಲ್ ಕಾರ್ಡನ್ ನೋಡ್-2`
`ಕ್ಯೂಬ್‌ಸಿಟಿಎಲ್ ಡ್ರೇನ್ ನೋಡ್-2 --ಇಗ್ನೋರ್-ಡೀಮನ್‌ಸೆಟ್ಸ್`
`ಕ್ಯೂಬ್‌ಸಿಟಿಎಲ್ ಅನ್‌ಕಾರ್ಡನ್ ನೋಡ್-2`

ಕಾರ್ಡನ್ ಹೊಸ ಪಾಡ್‌ಗಳು ಬರದಂತೆ ತಡೆಯುತ್ತದೆ, ಡ್ರೇನ್ ಇರುವವನ್ನು (ಪ್ರತಿ ನೋಡ್‌ನಲ್ಲೂ ಓಡುವ ಡೀಮನ್‌ಸೆಟ್ ಪಾಡ್‌ಗಳನ್ನು ಬಿಟ್ಟು) ಸಾಗಹಾಕುತ್ತದೆ. ದುರಸ್ತಿ ಮುಗಿದ ಮೇಲೆ ಮೂರನೆಯ ಆಜ್ಞೆಯನ್ನು ಮರೆಯುವವರೇ ಹೆಚ್ಚು; ನೋಡ್ ಸುಸ್ಥಿತಿಯಲ್ಲಿದ್ದೂ ಖಾಲಿ ಕೂತಿರುತ್ತದೆ.

ಡ್ರೇನ್ ಮುಗಿಯದೆ ಐದೈದು ಸೆಕೆಂಡ್‌ಗೆ ಮತ್ತೆ ಪ್ರಯತ್ನಿಸುತ್ತಿದ್ದರೆ ಪಾಡ್ ಡಿಸ್ರಪ್ಷನ್ ಬಜೆಟ್ (ಒಮ್ಮೆಗೆ ಎಷ್ಟು ಪಾಡ್ ತೆಗೆಯಬಹುದೆಂಬ ಮಿತಿ) ತಡೆಯುತ್ತಿದೆ ಎಂದರ್ಥ. ಕನಿಷ್ಠ ಒಂದು ಪಾಡ್ ಇರಲೇಬೇಕು ಎಂಬ ನಿಯಮವಿದ್ದು, ಇರುವುದೇ ಒಂದು ಪಾಡ್ ಆದರೆ ಡ್ರೇನ್ ಎಂದಿಗೂ ಮುಗಿಯದು. ಮೊದಲು ಸಂಖ್ಯೆಯನ್ನು ಎರಡಕ್ಕೆ ಏರಿಸಿ. ‘--ಫೋರ್ಸ್’ ಇಲ್ಲಿ ಪರಿಹಾರವಲ್ಲ: ಅದು ಯಾವ ನಿಯಂತ್ರಕದ ಕೈಕೆಳಗೂ ಇಲ್ಲದ ಪಾಡ್‌ಗಳನ್ನು ಅಳಿಸಿಬಿಡುತ್ತದೆ, ಅವು ಬೇರೆಡೆ ಮತ್ತೆ ಹುಟ್ಟುವುದಿಲ್ಲ. ‘--ಡಿಲೀಟ್-ಎಂಪ್ಟಿಡಿರ್-ಡೇಟಾ’ ಸೇರಿಸಿ ಎಂದು ಸಂದೇಶ ಬಂದರೆ, ಆ ತಾತ್ಕಾಲಿಕ ಫೋಲ್ಡರ್‌ನಲ್ಲಿ ಏನಿದೆ ಎಂದು ತಿಳಿದುಕೊಂಡೇ ಸೇರಿಸಿ.

## ಹಂತ 9: ಅಳಿಸುವುದು

ಇದನ್ನು ಕೊನೆಗೆ ಇಟ್ಟಿರುವುದು ಬೇಕೆಂದೇ. ಲೇಬಲ್ ಬಳಸಿ ಅಳಿಸುವ ಮೊದಲು ಅದೇ ಲೇಬಲ್‌ನೊಂದಿಗೆ ‘ಗೆಟ್’ ಓಡಿಸಿ ಪಟ್ಟಿ ನೋಡಿ. ಪಟ್ಟಿ ಸರಿಯಿದ್ದರೆ ಮೇಲಿನ ಬಾಣದ ಕೀ ಒತ್ತಿ, ‘ಗೆಟ್’ ಪದವನ್ನಷ್ಟೇ ‘ಡಿಲೀಟ್’ ಎಂದು ಬದಲಿಸಿ. ಉಳಿದದ್ದನ್ನು ಹೊಸದಾಗಿ ಟೈಪ್ ಮಾಡಬೇಡಿ.

ನೇಮ್‌ಸ್ಪೇಸ್ ಅಳಿಸಿದರೆ ಅದರೊಳಗಿನ ಸಕಲವೂ ಹೋಗುತ್ತದೆ, ಡಿಸ್ಕ್ ಬೇಡಿಕೆಗಳೂ ಸೇರಿ. ತಾನಾಗಿ ಸೃಷ್ಟಿಯಾದ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ‘ಡಿಲೀಟ್’ ನೀತಿಯೇ ಇರುವುದರಿಂದ, ಬೇಡಿಕೆಯ ಹಿಂದೆಯೇ ನಿಜವಾದ ಡಿಸ್ಕ್ ಕೂಡ ಅಳಿಯುತ್ತದೆ. ‘ಗೆಟ್ ಪಿವಿ’ (ಪಿವಿ ಎಂದರೆ ಆ ಡಿಸ್ಕ್‌ನ ದಾಖಲೆ) ಆಜ್ಞೆಯ ‘ರಿಕ್ಲೇಮ್ ಪಾಲಿಸಿ’ ಅಂಕಣವನ್ನು ಮೊದಲೇ ನೋಡಿ. ದತ್ತಾಂಶ ಬೇಕಿದ್ದರೆ ‘ರೀಟೇನ್’ ಮಾಡಿ.

ಪಾಡ್ ‘ಟರ್ಮಿನೇಟಿಂಗ್’ನಲ್ಲೇ ನಿಂತುಬಿಟ್ಟರೆ ಮೊದಲು ಕಾಯಿರಿ. ಮುಚ್ಚಿಕೊಳ್ಳಲು ಸಾಮಾನ್ಯ ಗಡುವು 30 ಸೆಕೆಂಡ್. ಅದಾದ ಮೇಲೂ ಇದ್ದರೆ ಅದರ ನೋಡ್ ಜೀವಂತವಿದೆಯೇ ನೋಡಿ. ಬಲವಂತದ ಅಳಿಸುವಿಕೆ ದಾಖಲೆಯನ್ನು ಮಾತ್ರ ಕಿತ್ತುಹಾಕುತ್ತದೆ; ಸಂಪರ್ಕ ತಪ್ಪಿದ ನೋಡ್‌ನಲ್ಲಿ ಕಂಟೇನರ್ ಇನ್ನೂ ಓಡುತ್ತಿರಬಹುದು. ಸ್ಟೇಟ್‌ಫುಲ್‌ಸೆಟ್‌ನ (ಪ್ರತಿ ಪಾಡ್‌ಗೂ ಸ್ಥಿರ ಗುರುತು ಕೊಡುವ ನಿಯಂತ್ರಕ) ಡೇಟಾಬೇಸ್ ಪಾಡ್‌ಗೆ ಹೀಗೆ ಮಾಡಿದರೆ ಒಂದೇ ಗುರುತಿನ ಎರಡು ಪಾಡ್‌ಗಳು ಏಕಕಾಲಕ್ಕೆ ಬರೆಯುವ ಸಂದರ್ಭ ಬಂದು ದತ್ತಾಂಶ ಕೆಡಬಹುದು. ನೋಡ್ ನಿಜಕ್ಕೂ ನಿಂತಿದೆ ಎಂದು ಖಾತ್ರಿಯಾದ ಮೇಲಷ್ಟೇ ಆ ಆಯ್ಕೆ ಮುಟ್ಟಿ.

ನೇಮ್‌ಸ್ಪೇಸೇ ಟರ್ಮಿನೇಟಿಂಗ್‌ನಲ್ಲಿ ಸಿಕ್ಕಿಕೊಂಡರೆ ಒಳಗೆ ಯಾವುದೋ ವಸ್ತುವಿನ ಫೈನಲೈಸರ್ (ಅಳಿಸುವ ಮೊದಲು ಮುಗಿಯಬೇಕಾದ ಕೆಲಸವಿದೆ ಎಂಬ ಗುರುತು) ಬಾಕಿಯಿದೆ. ಫೈನಲೈಸರ್ ಸಾಲನ್ನು ಕಿತ್ತೊಗೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಹಾಗೆ ಮಾಡಿದರೆ ನೇಮ್‌ಸ್ಪೇಸ್ ಹೋಗುತ್ತದೆ, ಆದರೆ ಹೊರಗೆ ಸೃಷ್ಟಿಯಾದ ಲೋಡ್ ಬ್ಯಾಲೆನ್ಸರ್ ಅಥವಾ ಡಿಸ್ಕ್ ವಾರಸುದಾರರಿಲ್ಲದೆ ಉಳಿದು ಬಾಡಿಗೆ ಏರಿಸುತ್ತಿರಬಹುದು. ನೇಮ್‌ಸ್ಪೇಸ್‌ನ ಯಾಮಲ್ ತೆಗೆದು ‘ಸ್ಟೇಟಸ್’ ಭಾಗವನ್ನು ಓದಿ. ಯಾವ ಬಗೆಯ ವಸ್ತು ಉಳಿದಿದೆ, ಯಾವ ಫೈನಲೈಸರ್ ಕಾಯುತ್ತಿದೆ ಎಂದು ಅಲ್ಲೇ ಬರೆದಿರುತ್ತದೆ. ಅದನ್ನು ನೋಡಿಕೊಳ್ಳಬೇಕಾದ ನಿಯಂತ್ರಕದ ಪಾಡ್ ಓಡುತ್ತಿದೆಯೇ ಎಂದು ಹುಡುಕಿ, ನಿಂತಿದ್ದರೆ ಎಬ್ಬಿಸಿ. ಹೆಚ್ಚಿನ ಸಲ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.